ಕಾಕಾ ಕಣ್ಣಾರೆ ಕಂಡ ಪತಂಗ

ನಮ್ಮ ಕಾಕಾ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ದೇವರನ್ನು ಇನ್ನೂ ಕಂಡಿರಲಿಲ್ಲ. ಹಾಗಾಗಿ ದೇವರಿಗೂ ಸ್ವಲ್ಪ ತಡೆಯಲು ಹೇಳಿದ್ದ!

ಅಪ್ಪನಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾದಾಗ ಧಾರವಾಡದಿಂದ ನಮ್ಮ ಜೊತೆಗೇ ಬಂದ ಅಪ್ಪನ ಈ ತಮ್ಮ, ಅಲ್ಲೊಂದು ಸಾಲಿಯಲ್ಲಿ ಮಾಸ್ತರನಾದ. ಶಿಕ್ಷಣದ ಬಗೆಗೆ ಅದೆಲ್ಲಿಯದೋ ದಪ್ಪ ಪುಸ್ತಕವೊಂದನ್ನು ಓದಿದ್ದೇ ತಪ್ಪಾಯಿತು ನೋಡಿ! "ವಸ್ತು ಮೊದಲು, ಮಾತು ಆಮ್ಯಾಲೆ. ಅದೂ ಹುಡುಗರಿಗೆ ಹುಚ್ಚಿರೋ ವಸ್ತು!" ಎಂದು ಊಟಕ್ಕೆ ಕೂತಾಗಲೂ ಸಾರುತ್ತಿದ್ದ.

ಭಿನ್ನರಾಶಿ ಕಲಿಸಲು ಒಂದು ಬುಟ್ಟಿ ಕಿತ್ತಳೆ ಹೊತ್ತೊಯ್ದ. ನಾಗಪುರದ ಹುಡುಗರಿಗೆ ಕಿತ್ತಳೆಯ ಹುಚ್ಚು ಹೇಳಬೇಕೆ? "ಹತ್ತು ತೊಳೆಯೊಳಗ ನಾಲ್ಕು ತಗದ್ರ ಏನು ಉಳೀತು?" ಎಂದು ಕೇಳುವಷ್ಟರಲ್ಲಿ ಇಡೀ ತರಗತಿಯ ಉತ್ತರ ಒಂದೇ: "ಸಿಪ್ಪೆ, ಸರ್!"

ಬೇಸಿಗೆಯಲ್ಲಿ ನೀರು ಆವಿಯಾಗುವ ಪಾಠ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ನೀರು ಚಿಮುಕಿಸಿದ. ತಂಪು ಗಾಳಿ ಬೀಸಿತು, ಘಮಘಮ ಎಂದಿತು, ಹತ್ತು ನಿಮಿಷದಲ್ಲಿ ತರಗತಿ ಪೂರ್ತಿ ಗೊರಕೆ! ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಬರಬೇಕೆ? ಕಾಕಾ ತುಟಿಯ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಪಿಸುಗುಟ್ಟಿದನಂತೆ: "ಸಾವಕಾಶ, ಸಾಹೇಬ! ಪ್ರಯೋಗ ಯಶಸ್ವಿ ಝಾಲಾ!"

ಇಂಥವನ ಕೈಗೆ ನಾನು ಸಿಕ್ಕಿದೆ. ಎಂಟನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ರೇಖಾಗಣಿತ ನನ್ನನ್ನು ಮಕಾಡೆ ಮಲಗಿಸಿತ್ತು. ಅಪ್ಪ ಕಡ್ಡಿ ಮುರಿದಂತೆ ಹೇಳಿದ: "ವಾರ್ಷಿಕದಾಗೂ ನಪಾಸಾದ್ರ ಸಾಲಿ ಸಾಕು. ಮನ್ಯಾಗ ಕೂಡ್ಲಿ." ನಾನು ಮೂಲೆ ಹಿಡಿದು ಅತ್ತೆ.

ಕಾಕಾ ಬಂದು ಎದುರಿಗೆ ಕೂತ. "ಅಳೂದು ಆಮ್ಯಾಲೆ. ನಿನಗ ಯಾತರ ಹುಚ್ಚು ಐತಿ, ಅದನ್ನ ಮೊದಲ ಹೇಳು."

"ಪತಂಗದ್ದು," ಎಂದೆ. ಸಂಕ್ರಾಂತಿ ಹತ್ತಿರವಿತ್ತು, ನಾಗಪುರದ ಆಕಾಶದ ತುಂಬ ಗಾಳಿಪಟಗಳು.

ಕಾಕಾನ ಮುಖ ಯಾಕೋ ಒಮ್ಮೆ ಬಿಳಿಚಿತು. "ಬ್ಯಾರೆ ಯಾವ ಹುಚ್ಚೂ ಇಲ್ಲೇನವಾ? ನೆಲದ ಮ್ಯಾಲಿಂದು?"

"ಇಲ್ಲ."

ಮರುದಿನದಿಂದ ಮನೆಯ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಪಾಠ. ಮೇಲೇರಲು ಒಂದು ಕಟ್ಟಿಗೆಯ ನಿಚ್ಚಣಿಕೆ. ಕಾಕಾ ಒಂದೊಂದೇ ಮೆಟ್ಟಿಲಿಗೆ, "ತ್ರಿಕೋನದ ಮೂರೂ ಕೋನ ಕೂಡಿದ್ರ ಎರಡು ಲಂಬಕೋನ" ಎಂದು ಮಂತ್ರದಂತೆ ಜಪಿಸುತ್ತ ಹತ್ತುತ್ತಿದ್ದ. ಅದೂ ಹೊಸ ಪದ್ಧತಿಯೇ ಇರಬೇಕೆಂದು ನಾನೂ ಜಪಿಸುತ್ತಿದ್ದೆ! ಮೇಲೆ ಬಂದವನು ನೀರಿನ ಟಾಕಿಗೆ ಬೆನ್ನು ಒತ್ತಿ ಕೂತು ಕಣ್ಣು ಮುಚ್ಚುವನು. ಪತಂಗದ ದಾರ ನೆಲಕ್ಕೆ ಎಷ್ಟು ಓರೆಯಾಗಿದೆಯೆಂದು ಅಳೆದು ನಾನು ಕೂಗಬೇಕು.

"ಐವತ್ತು ಡಿಗ್ರಿ, ಕಾಕಾ!"

"ಬರೋಬರ್!"

ಒಮ್ಮೆ ಬೇಕಂತಲೇ "ನೂರಾ ಎಂಬತ್ತು!" ಎಂದೆ.

"ಹಂಗಾದ್ರ ಪತಂಗ ನೆಲದ ಮ್ಯಾಲೆ ಮಲಗೇತಿ. ಎಬ್ಬಿಸು!" ಎಂದ, ಕಣ್ಣು ತೆರೆಯದೆ.

ವಾರ್ಷಿಕ ಪರೀಕ್ಷೆಯಲ್ಲಿ ಎರಡು ತ್ರಿಕೋನಗಳು ಸರ್ವಸಮವೆಂದು ಸಾಧಿಸಲು ಕೇಳಿದ್ದರು. ನನಗೆ ಅಲ್ಲಿ ತ್ರಿಕೋನ ಎಲ್ಲಿ ಕಂಡಿತು? ನಡುವಿನ ಕಡ್ಡಿಯ ಆಚೆ ಈಚೆ ಸಮನಾಗಿ ಮಡಚಿಕೊಳ್ಳುವ ನನ್ನ ಕೆಂಪು ಪತಂಗ ಕಂಡಿತು! ಬರೆದೆ. ಪಾಸಾದೆ. ಅಪ್ಪ ಒಂಬತ್ತನೆಯ ಇಯತ್ತೆಯ ಪುಸ್ತಕ ತಂದುಕೊಟ್ಟ.

ಅಂದು ಪೇಢೆ ಹಂಚುತ್ತ ಅವ್ವನಿಗೆ ಹೇಳಿದೆ: "ಕಾಕಾ ಗಚ್ಚಿ ಮ್ಯಾಲೆ ಬರೇ ತೂಕಡಸತಿದ್ದ."

ಅವ್ವ ದಂಗಾದಳು. "ಗಚ್ಚಿ ಹತ್ತಿದ್ರೇನು? ಅವರು? ಎತ್ತರ ಅಂದ್ರ ಸಣ್ಣಂದಿಂದ ಕೈಕಾಲು ನಡುಗತಾವ ಅವರಿಗೆ. ಅಟ್ಟದ ಮ್ಯಾಲಿನ ಉಪ್ಪಿನಕಾಯಿ ಭರಣಿ ಇಳಸ್ರಿ ಅಂದ್ರ, 'ಗುರುತ್ವಾಕರ್ಷಣ ಐತಿ ವೈನಿ, ತಾನ ಕೆಳಗ ಬರತೈತಿ' ಅಂತ ಜಾರಿಕೊಳ್ಳತಾರ!"

ಪೇಢೆ ಹಿಡಿದು ಕಾಕಾನ ಕೋಣೆಗೆ ಓಡಿದೆ. "ಕಾಕಾ, ಖರೇ ಹೇಳು. ನನ್ನ ಪತಂಗ ಒಮ್ಮೆರ ನೋಡೀಯೇನು?"

ಅವನು ದಪ್ಪ ಪುಸ್ತಕದಿಂದ ತಲೆಯೆತ್ತಲಿಲ್ಲ. "ಇಲ್ಲವಾ," ಎಂದ ಮೆಲ್ಲಗೆ. "ನೀ ನೋಡತಿದ್ದ್ಯಲ್ಲ. ನಿನ್ನ ಮಾತು ನಂಬಿದೆ."