ಕರಿಯ ಗರಿಕೆ ಮೇಯ್ದ ವರ್ಷ

ಬನ್ರವ್ವಾ, ಒಸಿ ಕೂತ್ಕಳಿ. ಸೊಪ್ಪು ಹೆಚ್ಚೋದು ಆಮೇಲೆ ಇದ್ದೇ ಐತೆ. ನಾಯಿ ಸಾಕಿದ ಮನೆಯಲ್ಲಿ ಒಂದಲ್ಲ ಒಂದು ನಡೀತಾನೇ ಇರ್ತದೆ. ಅಕ್ಕೂರಿನ ನಮ್ಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ನಗು ಬರ್ತದೆ, ಜೊತೆಗೆ ಎದೆನೂ ಭಾರ ಆಗ್ತದೆ.

ಮಳೆ

ಕರಿಯ ನಮ್ಮ ನಾಯಿ. ರೇಷ್ಮೆಹುಳು ಸಾಕೋ ಮನೆ ಬಾಗಿಲಲ್ಲೇ ಮಲಗುತ್ತಿತ್ತು, ಒಂದು ಇಲಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ತೋಟದ ಬದುವಿನ ಮೇಲೆ ನಿಂತುಕೊಂಡು ಹಸುವಿನ ಹಾಗೆ ಗರಿಕೆ ಹುಲ್ಲು ಮೇಯುತ್ತಿದೆ!

"ನಾಯಿ ಹುಲ್ಲು ತಿಂದ್ರೆ ಮಳೆ ಬತ್ತದೆ ಕಣಮ್ಮಿ" ಅಂದರು ನಮ್ಮ ಯಜಮಾನರು.

ಒದ್ದೆ ಸೊಪ್ಪು ತಿಂದರೆ ಹುಳ ಉಳಿಯೋದಿಲ್ಲ. ಅದಕ್ಕೆ ಮಧ್ಯಾಹ್ನದೊಳಗೆ ತೋಟದ ಹಿಪ್ಪುನೇರಳೆ ಸೊಪ್ಪನ್ನೆಲ್ಲಾ ಕೊಯ್ದು ಮನೆ ತುಂಬಿದೆವು. ಮಳೆ ಹೋಗಲಿ, ಮೋಡನೂ ಬರಲಿಲ್ಲ. ಸೊಪ್ಪೆಲ್ಲಾ ಬಾಡಿ ಹಪ್ಪಳ ಆಯ್ತು. ಹುಳ ಹಸಿದು ತಲೆ ಎತ್ತಿಕೊಂಡಿದ್ದವು. ಪಕ್ಕದ ತೋಟದವನ ಹತ್ತಿರ ಸೊಪ್ಪು ಕೊಂಡೆವು.

ಅವನು ಹೊರೆ ಇಳಿಸುತ್ತಾ ಅಂದ, "ಅಣ್ಣಾ, ನಿಮ್ ನಾಯಿ ದಿನಾ ಹುಲ್ಲು ತಿನ್ಲಿ ಕಣಣ್ಣೋ. ನಮ್ ಸೊಪ್ಪು ಚೆನ್ನಾಗಿ ಓಡ್ತದೆ."

ಭಕ್ತ

ಗೌರಿ ಹಬ್ಬಕ್ಕೆ ದೊಡ್ಡಮಳೂರಿನಿಂದ ನಾದಿನಿ ಬಂದಳು. ಕರಿಯ ಬೇರೆ ಹುಲ್ಲನ್ನು ಬಿಟ್ಟು ಗರಿಕೆಯನ್ನೇ ಆರಿಸಿ ತಿನ್ನೋದು ಅವಳ ಕಣ್ಣಿಗೆ ಬಿತ್ತು.

"ಅತ್ತಿಗೆ, ಇದು ನಾಯಲ್ಲ, ಗಣಪ್ಪನ ಭಕ್ತ!"

ಹಣೆಗೆ ಕುಂಕುಮ ಇಟ್ಟಳು. ಬಾಡಿನ ಸಾರು ತೋರಿಸಬಾರದು ಅಂತ ಬರೀ ಮೊಸರನ್ನ ಹಾಕಿದಳು. ಕರಿಯ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. ನಾನು ತಲೆ ತಗ್ಗಿಸಿಕೊಂಡೆ. ಗಣಪ್ಪನನ್ನು ಕೆರೆಗೆ ಬಿಟ್ಟ ಮಾರನೇ ಬೆಳಿಗ್ಗೆ ಪಕ್ಕದ ಮನೆ ಹೆಂಗಸಿನ ಕೂಗು ಕೇಳಿಸಿತು. ಹೊರಗೆ ಬಂದು ನೋಡಿದರೆ, ಹಣೆಯ ಕುಂಕುಮ ಕೆಡದ ಹಾಗೆ ಕರಿಯ ಅವರ ಕೋಳಿಯನ್ನು ಕಚ್ಚಿಕೊಂಡು ಬರುತ್ತಿದೆ.

"ಏನವ್ವಾ, ಭಕ್ತ ಮಾಡೋ ಕೆಲ್ಸನಾ ಇದು?" ಅಂತ ಆಕೆ ಬೈದಳು.

ನಮ್ಮ ನಾದಿನಿ ಒಂಚೂರೂ ಅಳುಕಲಿಲ್ಲ. "ಹಬ್ಬ ನಿನ್ನೆಗೇ ಮುಗೀತಲ್ಲಕ್ಕಾ" ಅಂದಳು.

ದನದ ಆಸ್ಪತ್ರೆ

ಹುಳ ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು, ಅಂಥ ಹೊತ್ತಲ್ಲಿ ಕರಿಯ ಹುಲ್ಲು ತಿಂದು ಹುಳುವಿನ ಮನೆ ಹೊಸ್ತಿಲಲ್ಲೇ ಕಕ್ಕಿಬಿಟ್ಟಿತು. ಯಜಮಾನರ ಮುಖ ಕಪ್ಪಿಟ್ಟಿತು.

"ಇದಕ್ಕೇನೋ ರೋಗ ಐತೆ. ಹುಳಕ್ಕೆ ತಗಲಿದ್ರೆ ಬೆಳೆ ಪೂರಾ ಹೋಯ್ತದೆ. ಕೆಂಗಲ್ ಆಚೆ ಬುಟ್ಟು ಬತ್ತೀನಿ."

ನನ್ನ ಕೈಯಲ್ಲಿ ಮುದ್ದೆ ತಿಂದು ಬೆಳೆದ ಜೀವ ಅದು. ಹೆದ್ದಾರಿ ಪಕ್ಕದಲ್ಲಿ ಬಿಟ್ಟರೆ ಬದುಕೀತಾ? "ಮೊದ್ಲು ಡಾಕ್ಟರಿಗೆ ತೋರ್ಸಿ. ಆಮೇಲೆ ಏನಾದ್ರೂ ಮಾಡ್ಕಳಿ" ಅಂತ ಹಟ ಹಿಡಿದೆ. ಆಟೋದಲ್ಲಿ ದನದ ಆಸ್ಪತ್ರೆಗೆ ಹೋದೆವು. ಕರಿಯ ನನ್ನ ಕಾಲಿಗೆ ಒತ್ತಿಕೊಂಡು ಕೂತಿತ್ತು. ಯಜಮಾನರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಇವರು ಕೆಂಗಲ್ ಆಚೆ ಬಿಡ್ತೀನಿ ಅಂತಾವ್ರೆ ಅನ್ನೋದನ್ನೂ ಸೇರಿಸಿ ಎಲ್ಲಾ ಹೇಳಿದೆ. ಅವರು ಕರಿಯನ ಹೊಟ್ಟೆ ಒತ್ತಿದರು, ವಸಡು ನೋಡಿದರು.

"ಊಟ ಮಾಡುತ್ತಾ?"

"ಸಿಕ್ಕಿದ್ರೆ ಕೋಳಿನೂ ತಿಂತದೆ, ತಾಯಿ."

"ಹಾಗಾದ್ರೆ ಇದು ಗಟ್ಟಿಯಾಗೇ ಇದೆ ಅಜ್ಜಿ. ನಾಯಿಗಳು ಹುಲ್ಲು ತಿನ್ನೋದು ಮಾಮೂಲಿ. ಕೆಲವಕ್ಕೆ ಆ ರುಚಿನೇ ಇಷ್ಟ. ಯಾವಾಗಲೋ ಒಂದು ಸಲ ಕಕ್ಕಿದ್ರೆ ತೊಳೆದುಬಿಡಿ. ಊಟ ಬಿಟ್ಟು ಮತ್ತೆ ಮತ್ತೆ ಕಕ್ಕಿದ್ರೆ ಕರ್ಕೊಂಡು ಬನ್ನಿ. ಆ ಹುಲ್ಲಿಗೆ ಔಷಧಿ ಏನೂ ಹೊಡೆದಿಲ್ಲ ತಾನೇ?"

ಯಜಮಾನರು ಎದೆ ಸೆಟೆಸಿದರು. "ಛೆ ಛೆ, ಅದಕ್ಯಾರು ಹೊಡೀತಾರೆ ಮೇಡಂ? ದಿನಾ ಬೆಳಿಗ್ಗೆ ಅದೇ ಗರಿಕೆನ ಅರ್ದು ರಸ ಕುಡಿಯೋನು ನಾನು. ಗ್ಯಾಸಿಗೆ ಒಳ್ಳೇದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗಂಭೀರವಾಗಿ ನನ್ನ ಕಡೆ ತಿರುಗಿದರು.

"ಈಗ ಹೇಳಿ ಅಜ್ಜಿ. ಕೆಂಗಲ್ ಆಚೆ ಯಾರನ್ನ ಬಿಡೋದು?"

ಬರುವಾಗ ಆಟೋದಲ್ಲಿ ಕರಿಯನನ್ನು ಯಜಮಾನರೇ ತೊಡೆ ಮೇಲೆ ಕೂರಿಸಿಕೊಂಡಿದ್ದರು.

ಹುಳ ಚೆನ್ನಾಗಿಯೇ ಗೂಡು ಕಟ್ಟಿದವು. ಡಾಕ್ಟರಮ್ಮನಿಗೆ ಮಾಗಡಿ ಕಡೆ ವರ್ಗ ಆಯ್ತು, ಈಗ ಅವರಿಗೊಂದು ಹೆಣ್ಣು ಮಗು. ಸೊಪ್ಪು ಮಾರಿದವನು ತೋಟ ಕಿತ್ತು ತೆಂಗು ಹಾಕಿದ. ನಾದಿನಿ ದೊಡ್ಡಮಳೂರಲ್ಲೇ ಅವಳೆ, ಈಗ ಬೆಕ್ಕು ಸಾಕವಳೆ. ಕರಿಯ ಮುದಿಯಾಗಿ, ನರಳದೆ, ಮಲಗಿದ ಕಡೆಯೇ ಹೋಯ್ತು. ಯಜಮಾನರು ಗುದ್ದಲಿಯನ್ನು ಯಾರ ಕೈಗೂ ಕೊಡಲಿಲ್ಲ, ತೋಟದ ಬದುವಿನಲ್ಲಿ ತಾವೇ ಗುಂಡಿ ತೋಡಿದರು.

"ಆ ಕಡೆ ಬೀಳು ಜಮೀನು ಐತಲ್ಲಾ, ಅಲ್ಲಿ ಮಣ್ಣು ಮಾಡಬೋದಿತ್ತು" ಅಂದೆ.

ಅವರು ತಲೆ ಎತ್ತಲಿಲ್ಲ.

"ಅಲ್ಲಿ ಗರಿಕೆ ಇಲ್ಲ ಕಣಮ್ಮಿ" ಅಂದರು.