ಅಂಗೈಯಲ್ಲಿ ಆಟೀನ್ ರಾಣಿ

ಅನರ್ಥಕ್ಕೆಲ್ಲ ಮೂಲ ಜಾದೂ ಪುಸ್ತಕದ ನಲವತ್ತನೆಯ ಪುಟ. 'ಇಸ್ಪೀಟಿನ ಎಲೆಯೊಂದನ್ನು ಅಂಗೈಯಲ್ಲಿ ಅಡಗಿಸಿಕೊಂಡು ಒಂದಿಡೀ ದಿನ ಎಂದಿನ ಕೆಲಸ ಮಾಡಿ. ಅಪ್ಪಿತಪ್ಪಿಯೂ ಕೈ ನೋಡಿಕೊಳ್ಳಬೇಡಿ. ನೀವು ನೋಡಿದ ಕಡೆಗೇ ಜನ ನೋಡುತ್ತಾರೆ.'

ಗ್ರಂಥಾಲಯದ ಗುಮಾಸ್ತರು ಮೂರು ತಿಂಗಳಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆಸಿದ್ದರು. ಕನ್ನಡಿಯ ಮೂಲೆಯಲ್ಲಿ ಬಟ್ಟೆ ಮಡಚುತ್ತ ಕೂತ ಹೆಂಡತಿಯೂ ಕಾಣುತ್ತಿದ್ದರು. ಹೋದ ಸಲ ಮೊಮ್ಮಗಳ ಮುಂದೆ ಎಲೆ ಜಾರಿ ನೀರಿನ ಲೋಟಕ್ಕೆ ಬಿದ್ದಾಗ ಅವಳು, "ಪಾಪ, ತಾತಂಗೆ ಬರಲ್ಲ" ಎಂದು ಅವರ ತಲೆ ಸವರಿದ್ದಳು. ಆ 'ಪಾಪ' ಇನ್ನೂ ಮುಳ್ಳಿನಂತೆ ಚುಚ್ಚುತ್ತಿತ್ತು. ಇವತ್ತು ಸಂಜೆ ಅವಳು ಬರುವವಳಿದ್ದಳು. ಒಂದೇ ಒಂದು ಸಲ ಅವಳಿಂದ 'ಅಬ್ಬಾ' ಅನ್ನಿಸಬೇಕು.

ಎದ್ದಾಗಿನಿಂದ ಆಟೀನ್ ರಾಣಿಯನ್ನು ಬಲ ಅಂಗೈಯಲ್ಲಿ ಹುದುಗಿಸಿಕೊಂಡು ಕೈ ಜೋಮು ಹಿಡಿದಿತ್ತು.

"ಗುಂಡಿ ಹಾಕ್ಕೊಳ್ಳೋಕೂ ಪರದಾಡ್ತಿದೀರಲ್ಲ, ಇಲ್ಲಿ ಕೊಡಿ" ಎಂದ ಹೆಂಡತಿ, ತೋಳಿನ ಗುಂಡಿ ಹಾಕಿ ಊಟದ ಡಬ್ಬಿಯನ್ನು ಎಡಗೈಗೆ ಕೊಟ್ಟು ಕಳಿಸಿದರು.

ಗ್ರಂಥಾಲಯದ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಈಜುತ್ತಿತ್ತು. ಎಡಗೈಯಲ್ಲಿ ತಾರೀಕಿನ ಮುದ್ರೆ ಒತ್ತುತ್ತ ಗುಮಾಸ್ತರು ತೇಲಿಹೋದರು. ಅಂಗೈಯೊಳಗೆ ರಾಣಿ ಹಾಯಾಗಿ ಮಲಗಿದ್ದಾಳೆ. ಎಲ್ಲೋ ಮಖಮಲ್ಲಿನ ಪರದೆ ಮೇಲೇಳುತ್ತಿದೆ. ಸಾವಿರ ಮೊಮ್ಮಕ್ಕಳು 'ಅಬ್ಬಾ' ಅನ್ನುತ್ತಿದ್ದಾರೆ...

"ಸಾರ್, ಮುದ್ರೆಯೆಲ್ಲ ತಲೆಕೆಳಗು! ಕೈ ಯಾಕೆ ಏಡಿ ಥರ ಮಾಡ್ಕೊಂಡಿದೀರಿ?" ಎಂದರು ಪಕ್ಕದ ಮೇಜಿನ ಮೇಡಂ.

"ಏನಿಲ್ಲಮ್ಮ, ಸ್ವಲ್ಪ ಬಿಗಿತ."

ಅಷ್ಟು ಸಾಕಾಯಿತು. ಮೇಡಂ ಗುಮಾಸ್ತರ ಪುಸ್ತಕದ ರಾಶಿಯನ್ನೆಲ್ಲ ಸದ್ದಿಲ್ಲದೆ ತಮ್ಮ ಮೇಜಿಗೆ ಎಳೆದುಕೊಂಡರು. ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದುಕೊಟ್ಟರು. ಬೈಂಡಿಂಗ್ ಮಾಡುವವನು ಎಣ್ಣೆ ಬಾಟಲಿ ಹಿಡಿದು ಓಡಿಬಂದ. ಗುಮಾಸ್ತರು ಕೈಯನ್ನು ಬೆನ್ನ ಹಿಂದೆ ಅಡಗಿಸಿದರು. ದಿನವೂ ಪತ್ರಿಕೆ ಓದಲು ಬರುವ ನಿವೃತ್ತ ಡಾಕ್ಟರು ಕನ್ನಡಕ ಏರಿಸಿದರು.

"ಬೆರಳು ಬಿಡಿಸಿ ನೋಡೋಣ."

"ಸಂಜೆ ತನಕ... ಬಿಡಿಸೋ ಹಾಗಿಲ್ಲ, ಡಾಕ್ಟ್ರೇ."

"ಮಾತೂ ತೊದಲ್ತಿದೆ! ಲಕ್ವದ ಲಕ್ಷಣ. ಆಂಬುಲೆನ್ಸ್‌ಗೆ ಫೋನ್ ಮಾಡಿ!"

"ಅಯ್ಯೋ, ಬೇಡ! ಒಳಗಡೆ ರಾಣಿ ಇದಾಳೆ!" ಎಂದು ಕೂಗಿ ಗುಮಾಸ್ತರು ಅಂಗೈ ಬಿಚ್ಚಿದರು.

ಬೋಳು ಅಂಗೈ. ಹಸ್ತರೇಖೆಗಳ ಹೊರತು ಅಲ್ಲಿ ಏನೂ ಇರಲಿಲ್ಲ.

ಯಾರೂ ನಗಲಿಲ್ಲ. ಮೇಡಂ ಕಣ್ಣೊರೆಸಿಕೊಂಡು, "ಇರಲಿ ಸಾರ್, ರಾಣಿ ಎಲ್ಲೂ ಹೋಗಿರಲ್ಲ, ಬರ್ತಾರೆ" ಎಂದರು. ಡಾಕ್ಟರು ತಮ್ಮ ತಲೆಯ ಕಡೆ ಬೆರಳು ತೋರಿಸಿ ಬೈಂಡಿಂಗಿನವನಿಗೆ ಸನ್ನೆ ಮಾಡಿದರು. ಅವನು ಪುಸ್ತಕದ ಎರಡು ರಟ್ಟುಗಳ ನಡುವೆ ಗುಮಾಸ್ತರ ಕೈಯನ್ನಿಟ್ಟು ಅಚ್ಚುಕಟ್ಟಾಗಿ ಬಿಗಿದ. ಆಸ್ಪತ್ರೆ ಬೇಡವೇ ಬೇಡವೆಂದು ಅಂಗಲಾಚಿದ ಮೇಲೆ, ಅವನೇ ಜೋಪಾನವಾಗಿ ಮನೆ ಬಾಗಿಲವರೆಗೂ ತಂದುಬಿಟ್ಟ.

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಹೆಂಡತಿ ಮೊಮ್ಮಗಳ ಕಿವಿಯ ಹಿಂದಿನಿಂದ ಆಟೀನ್ ರಾಣಿಯನ್ನು ನವಿರಾಗಿ ಎಳೆದು ತೆಗೆಯುತ್ತಿದ್ದರು.

"ಅಬ್ಬಾ! ಅಜ್ಜಿ, ಇನ್ನೊಂದ್ಸಲ!"

"ಅದು... ಅದು ನಂದು!" ಗುಮಾಸ್ತರು ಹೊಸ್ತಿಲಲ್ಲೇ ನಿಂತರು.

"ಬೆಳಿಗ್ಗೆ ಗುಂಡಿ ಹಾಕುವಾಗ ತಗೊಂಡೆ" ಎಂದು ಹೆಂಡತಿ ಮೆಲ್ಲಗೆ ನಕ್ಕರು. "ನೀವು ಕೈ ನೋಡ್ಕೊಳ್ಳಲ್ಲ ಅಂತ ಗೊತ್ತಿತ್ತು. ನಲವತ್ತನೇ ಪುಟ ನಾನೂ ಓದಿದೀನಿ."

ಮೊಮ್ಮಗಳು ಓಡಿಬಂದು ರಟ್ಟು ಕಟ್ಟಿದ ಕೈಯನ್ನು ಹಗುರವಾಗಿ ಸವರಿದಳು.

"ಪಾಪ, ತಾತ" ಎಂದಳು.