ಶರಣಬಸವ ಮಾಸ್ತರರ ರಜಾ ಅರ್ಜಿ

ಶರಣಬಸವ ಮಾಸ್ತರರು ಆ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ತೀರಿಕೊಂಡದ್ದಕ್ಕೆ ಎರಡು ಹಳೆಯ ಧೋತರಗಳೇ ಕಾರಣ. ಅವು ಇಲ್ಲದಿದ್ದರೆ ಎಂದಿನಂತೆ ಬದುಕಿಯೇ ಇರುತ್ತಿದ್ದರು.

ಭಾಲ್ಕಿಯಿಂದ ಛತ್ರಪತಿ ಸಂಭಾಜಿನಗರಕ್ಕೆ ಬಂದು, ಅಲ್ಲಿಯ ಕನ್ನಡ ವ್ಯಾಪಾರಿಗಳು ಸೇರಿ ನಡೆಸುವ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳತೊಡಗಿ ಅವರಿಗೆ ಆರು ವರ್ಷ. ಆರೂ ವರ್ಷ ಟೆಂಪರರಿ. ಪ್ರತಿ ಜೂನ್‌ಗೆ ಹೊಸ ಆರ್ಡರು, ಪ್ರತಿ ಏಪ್ರಿಲ್‌ಗೆ ಹೊಸ ಎದೆಬಡಿತ. ಈ ಸಲ ಹೆಡ್‌ಮಿಸ್ಟ್ರೆಸ್ ವಿಜಯಶ್ರೀ ಬಾಯಿಯವರು ಕರೆದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

"ಮಾಸ್ತರ್, ಶುಕ್ರವಾರ ವಿಶ್ವ ಸಂಸ್ಕೃತಿ ದಿನ. ಸೆಕ್ರೆಟರಿ ಮನ್ಮಥಪ್ಪನವರೇ ನೋಡ್ಲಿಕ್ಕ ಬರ್ತಾರ. ಜಗತ್ತಿನ ಸಂಸ್ಕೃತಿ ಅಂದ್ರ ಹುಡುಗರಿಗಿ ತಮ್ದೇ ಮನಿ ಮಾತು ಅನಸ್ಬೇಕು. ಅನಸ್ತಂದ್ರ ನೀವು ಪರ್ಮನೆಂಟ್. ಇಲ್ಲಂದ್ರ ಜೂನಿಗಿ ಬ್ಯಾರೆ ಸಾಲಿ ನೋಡ್ಕೋರಿ."

ಹೇಳುವುದು ಸುಲಭ. ಒಂಬತ್ತನೇ ಕ್ಲಾಸಿಗೆ ಗ್ರೀಸ್ ಹೇಳಿದರೆ ಆಕಳಿಕೆ, ಚೀನಾ ಹೇಳಿದರೆ ನಿದ್ದೆ. ವೇರೂಳಿನ, ಅಂದರೆ ಎಲ್ಲೋರಾದ, ಗವಿಗಳಿಗೆ ಕರೆದೊಯ್ದರೆ ಶಿಲ್ಪಗಳಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡು, ಮಂಗಗಳಿಗೆ ಹೆಸರಿಟ್ಟು ಬಂದಿದ್ದರು. ಈಜಿಪ್ಟಿನ ಮಮ್ಮಿಯ ಪಾಠದ ದಿನ ಮಾತ್ರ ಹಿಂದಿನ ಬೆಂಚಿನ ಮಂಜುಳಾ ತಲೆಯೆತ್ತಿದಳು.

"ಸರ್, ನಾಕ್ ಹಜಾರ್ ವರ್ಷ ಮಲ್ಕೊಂಡೇ ಇರ್ತಾರ ನಾ? ಬೋರ್ ಆಗಲ್ಲಾ?"

"ನಮ್ಮ ಕಡಿ ಮಲಗ್ಸಲ್ಲವ್ವಾ, ಕುಂದರಸ್ತೀವಿ," ಎಂದು ಮಾಸ್ತರರ ಬಾಯಿಂದ ಬಂದದ್ದೇ ತಡ, ನಲವತ್ತು ಮುಖಗಳು ಒಮ್ಮೆಲೇ ಮೇಲೆದ್ದವು. ಅಲ್ಲಿಯವರೆಗೆ ಮಾಸ್ತರರು ಕಂಡದ್ದೆಲ್ಲ ಬರೀ ಬೈತಲೆಗಳು.

ನಿಜವೇ. ಬೀದರ ಕಡೆಯ ಶಿವಭಕ್ತರ ಮನೆಗಳಲ್ಲಿ ತೀರಿಕೊಂಡವರನ್ನು ಕುರ್ಚಿಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಭಜನೆ ಮಾಡಿ ಕಳಿಸಿಕೊಡುತ್ತಾರೆ. ಮಾಸ್ತರರ ತಲೆಯಲ್ಲಿ ದೀಪ ಹತ್ತಿತು. ಒಬ್ಬ ಹುಡುಗನಿಗೆ ಈಜಿಪ್ಟಿನಂತೆ ಬಟ್ಟೆ ಸುತ್ತುವುದು, ಬೀದರಿನಂತೆ ಕೂರಿಸುವುದು. ಅರ್ಧ ಈಜಿಪ್ಟ್, ಅರ್ಧ ಭಾಲ್ಕಿ. ಮನ್ಮಥಪ್ಪನವರೂ ಬೀದರಿನವರೇ, ನೋಡಿದ ಕೂಡಲೇ ಮೆಚ್ಚುತ್ತಾರೆ.

ಆದರೆ ಹುಡುಗ ಒಂದು ಪೀರಿಯಡ್ ಪೂರ್ತಿ ಹಾಗೆ ಕೂರಬಲ್ಲನೇ? ಅದನ್ನು ತಮ್ಮ ಮೇಲೇ ಪರೀಕ್ಷಿಸಲು ಮಾಸ್ತರರು ಶುಕ್ರವಾರ ಬೆಳಿಗ್ಗೆ ಪಡಸಾಲೆಯ ಕುರ್ಚಿಯಲ್ಲಿ ಕೂತರು. ಹೆಂಡತಿ ಮಹಾಲಕ್ಷ್ಮಿ ಎರಡು ಧೋತರ ಹರಿದು ಅಡಿಯಿಂದ ಮುಡಿಯವರೆಗೆ ಸುತ್ತಿದಳು. ಕೈಗಳನ್ನು ಮೈಗೆ ಸೇರಿಸಿ ಬಿಗಿದಳು, ದವಡೆ ಕಟ್ಟಿದಳು, ಕಣ್ಣಿನ ಮೇಲೂ ಪಟ್ಟಿ ಎಳೆದಳು. ಉಳಿದದ್ದು ಮೂಗಿನ ಹೊಳ್ಳೆ ಮತ್ತು ಹಣೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, "ಜ್ವಾಳ ಬೀಸ್ಕೊಂಡು ಬರ್ತೀನ್ರೀ, ಅಷ್ಟೊತ್ತನ ಕುಂದರ್ರಿ," ಎಂದು ಹಿಟ್ಟಿನ ಗಿರಣಿಗೆ ಹೋದಳು.

ಪಕ್ಕದ ಮನೆಯ ರುಕ್ಮಿಣಿಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದದ್ದು ಆಗಲೇ. ಬೇರೆ ಯಾರಾದರೂ ಆಗಿದ್ದರೆ ಇದೇನು ವೇಷ ಎಂದು ನಗುತ್ತಿದ್ದರು. ರುಕ್ಮಿಣಿಬಾಯಿ ಬಸವಕಲ್ಯಾಣದವರು. ಕುರ್ಚಿ, ವಿಭೂತಿ, ಹಾರ, ಕಟ್ಟಿದ ದವಡೆ ಕಂಡವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು.

ಮಾಸ್ತರರು "ನಾ ಅದೀನ್ರಿ" ಎನ್ನಲು ಹೋದರು. "ಮ್‌ಮ್" ಎಂಬ ಸದ್ದಷ್ಟೇ ಬಂತು. ಅದನ್ನು ಕೇಳಲು ರುಕ್ಮಿಣಿಬಾಯಿ ಅಲ್ಲಿರಲಿಲ್ಲ, ಆಗಲೇ ಓಣಿಯ ನಡುವೆ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದರು.

ಹತ್ತು ನಿಮಿಷದಲ್ಲಿ ಪಡಸಾಲೆ ತುಂಬಿತು. ಮಾಸ್ತರರಿಗೆ ಕಣ್ಣು ಕಾಣದು, ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಎಂಥಾ ಮನಷ್ಯಾ. ಯಾರ ಗೋಜಿಗೂ ಹೋದಾಂವಲ್ಲ," ಎಂದಿತು ಒಂದು ದನಿ.

"ಖರೇ. ಆದ್ರ ನನ್ನ ನಿಚ್ಚಣಿಕಿ ಒಯ್ದು ದೀಡ್ ವರ್ಷ ಆತು, ಕೊಟ್ಟಿಲ್ಲ," ಎಂದಿತು ಇನ್ನೊಂದು.

ಅಷ್ಟರಲ್ಲಿ ಶೇಂದ್ರಾದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಅದೇ ಓಣಿಯ ಮಾಳಪ್ಪ ತನ್ನ ಭಜನಾ ಮಂಡಳಿ ಸಮೇತ ಬಂದು, ಸರಿಯಾಗಿ ಕಿವಿಯ ಪಕ್ಕದಲ್ಲೇ ತಾಳ ಹಿಡಿದು ಕೂತ. ಮಾಸ್ತರರು ಜೀವದ ಹಂಗು ತೊರೆದು "ಮ್‌ಮ್‌ಮ್" ಎಂದರು.

"ಯಾರೋ ಛಲೋ ಸೂರ್ ಹಿಡದಾರ. ಬಿಡಬ್ಯಾಡ್ರಿ," ಎಂದ ಮಾಳಪ್ಪ.

ಗಿರಣಿಯ ಸಾಲಿನಲ್ಲಿ ಎರಡೂವರೆ ತಾಸು ಕಾದ ಮಹಾಲಕ್ಷ್ಮಿ ಹಿಟ್ಟಿನ ಡಬ್ಬಿ ಹೊತ್ತು ಬಂದಾಗ ಬಾಗಿಲ ಮುಂದೆ ನಲವತ್ತು ಜೊತೆ ಚಪ್ಪಲಿ, ಒಳಗೆ ಅಳು. ತಾನು ಕಟ್ಟಿದ ಕಟ್ಟಿಗೆ ಗಂಡನ ಉಸಿರು ನಿಂತೇಹೋಯಿತೆಂದು ಅವಳೂ ನಂಬಿದಳು.

"ಅಯ್ಯೋ ನಾನೇ ಕಟ್ಟಿದ್ನೆವ್ವಾ, ಬಿಗಿಯಾಗಿ ನಾನೇ ಕಟ್ಟಿದ್ನಿ," ಎಂದು ಅವಳು ಕುಸಿದಾಗ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ಬಿಯ ಹಿಟ್ಟು ಹಾರಿ ಮಾಸ್ತರರ ಮೂಗಿಗೆ ಬಡಿಯಿತು. ಅವರು ಸೀನಿದರು.

ಭಜನೆ ನಿಂತಿತು. ಮಾಳಪ್ಪನ ತಾಳ ಒಂದು ಕಡೆ ಬಿತ್ತು, ಮಾಳಪ್ಪ ಒಂದು ಕಡೆ ಬಿದ್ದ. ಮಾಸ್ತರರು ಇನ್ನೊಮ್ಮೆ ಸೀನಿದ ಮೇಲೆ ಮಹಾಲಕ್ಷ್ಮಿಯೇ ಓಡಿಬಂದು ದವಡೆ, ಕಣ್ಣು, ಕೈಕಾಲುಗಳ ಕಟ್ಟು ಬಿಚ್ಚಿದಳು, ಬಿಚ್ಚುತ್ತಲೇ ಬೆನ್ನಿಗೆ ನಾಲ್ಕು ಗುದ್ದಿದಳು, ಆಮೇಲೆ ಅತ್ತಳು.

ಎಲ್ಲರಿಗೂ ಖುಷಿಯಾಯಿತು, ಎರಡು ನಿಮಿಷ. ಆಮೇಲೆ ರುಕ್ಮಿಣಿಬಾಯಿ ಮುಖ ಊದಿಸಿಕೊಂಡರು.

"ಸಾಯೂದಿಲ್ಲಂದ್ರ ಮದಲೇ ಒಂದ್ ಮಾತ್ ಹೇಳ್ಬೇಕಿಲ್ರಿ ಮಾಸ್ತರ್? ಬೀದರ್‌ತನ ಫೋನ್ ಮಾಡಿಬಿಟ್ಟೀನಿ. ನನ್ನ ಮಾತಿಗಿ ಇನ್ ಕಿಮ್ಮತ್ತೇನುಳೀತು?"

"ಎದ್ದದ್ದು ಛಲೋನೇ ಆತು," ಎಂದ ಮಾಳಪ್ಪ ತಾಳ ಹುಡುಕುತ್ತ. "ಆದ್ರ ಪದಾ ಮುಗಿಯೋತನ ತಡೀಬೇಕಿತ್ರಿ."

ಮಾಸ್ತರರು ಮೊಬೈಲು ತೆಗೆದು ನೋಡಿದರು. ವಾಟ್ಸಾಪಿನ ತುಂಬ ಅವರದೇ ಫೋಟೋ, ವೇರೂಳಿನ ಟ್ರಿಪ್ಪಿನದು, ಸುತ್ತ ಹೂವಿನ ಅಂಚು. ಕೆಳಗೆ 'ಶರಣಬಸವ ಮಾಸ್ತರರು ಲಿಂಗೈಕ್ಯ.' ಅದಕ್ಕೆ ಇನ್ನೂರು ಜನ ಕೈ ಮುಗಿದಿದ್ದರು. ಮೂರನೆಯ ಕೈ ವಿಜಯಶ್ರೀ ಬಾಯಿಯವರದು, ಐದನೆಯದು ಮನ್ಮಥಪ್ಪನವರದು. ಇಬ್ಬರಿಗೂ ಫೋನ್ ಹಚ್ಚಿದರು. ಸತ್ತವರ ನಂಬರಿನಿಂದ ಬಂದ ಕರೆಯನ್ನು ಇಬ್ಬರೂ ಎತ್ತಲಿಲ್ಲ.

ಅಷ್ಟೊತ್ತಿಗೆ ಹನ್ನೊಂದು. ಆರು ವರ್ಷದ ಆಸೆ ಕಣ್ಣೆದುರೇ ಕೈ ಜಾರುತ್ತಿತ್ತು. ಉಳಿದ ಕಟ್ಟು ಬಿಚ್ಚಲೂ ಪುರುಸೊತ್ತಿಲ್ಲದೆ, ಧೋತರದ ಪಟ್ಟಿಗಳನ್ನು ಗಾಳಿಗೆ ಹಾರಿಸುತ್ತ ಸ್ಕೂಟರಿನಲ್ಲಿ ಶಾಲೆಗೆ ಹೊರಟರು. ಸಿಗ್ನಲ್ಲಿನ ಪೊಲೀಸ ಕೊರಳಿನ ಹಾರ ನೋಡಿ ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಶಾಲೆಯಲ್ಲಿ ಗದ್ದಲವಿರಲಿಲ್ಲ. ಒಂಬತ್ತನೇ ಕ್ಲಾಸಿನ ಕಿಟಕಿಯಲ್ಲಿ ಇಣುಕಿದ ಮಾಸ್ತರರು ಅಲ್ಲೇ ನಿಂತುಬಿಟ್ಟರು. ಬೋರ್ಡಿನ ಮೇಲೆ ಅವರ ಫೋಟೋ, ಪಕ್ಕದಲ್ಲಿ ಜಗತ್ತಿನ ನಕಾಶೆ. ಒಬ್ಬ ಹುಡುಗನೂ ಮಲಗಿರಲಿಲ್ಲ. ಅತ್ತು ಕಣ್ಣು ಕೆಂಪಾಗಿದ್ದರೂ ಎಲ್ಲರೂ ಮಾತಾಡುತ್ತಿದ್ದರು. ಮಹಿಬೂಬ ತಮ್ಮಲ್ಲಿ ಪ್ರತಿಯೊಬ್ಬರೂ ಗೋರಿಗೆ ಮೂರು ಹಿಡಿ ಮಣ್ಣು ಹಾಕುವುದನ್ನು ಹೇಳಿದ. ಮತ್ತೊಬ್ಬಳು ಮೆಕ್ಸಿಕೋದಲ್ಲಿ ಹಿರಿಯರ ಫೋಟೋಗೆ ಚೆಂಡುಹೂ ಇಟ್ಟು, ಇಷ್ಟದ ತಿಂಡಿ ಎಡೆಯಿಡುವುದನ್ನು ಓದಿ ಹೇಳಿದಳು.

"ಅರೆ, ನಾವೂ ಪಿತೃಪಕ್ಷದಾಗ ಅಜ್ಜೀಗಿ ಹಂಗೇ ಇಡ್ತೀವಿ ನಾ," ಎಂದಳು ಮಂಜುಳಾ. ನಕಾಶೆಯಲ್ಲಿ ಮೆಕ್ಸಿಕೋದಿಂದ ಸಂಭಾಜಿನಗರಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. "ಸರ್‌ಗಿ ಏನಿಡೋಣು? ಸರ್‌ಗಿ ಉಪ್ಪಿಟ್ಟಂದ್ರ ಭಾಳ ಸೇರ್ತಿತ್ತು."

ಆರು ವರ್ಷ ಇದೊಂದು ಗೆರೆಗಾಗಿ ಮಾಸ್ತರರು ಒದ್ದಾಡಿದ್ದರು.

ಬಾಗಿಲ ಬಳಿ ನಿಂತಿದ್ದ ಮನ್ಮಥಪ್ಪನವರು ಶಲ್ಯದಿಂದ ಕಣ್ಣೊರೆಸಿಕೊಂಡು ಕೇಳಿದರು. "ಇಷ್ಟೆಲ್ಲಾ ನಿಮಗ ಯಾರ್ ಕಲಿಸಿದ್ರವ್ವಾ?"

"ಕೋಣೀಚ್ ನಾಹೀ. ಯಾರೂ ಇಲ್ಲ. ಸರ್ ಆಫ್ ಆದ್ರು ಅಂತ ಮೆಸೇಜ್ ಬಂತು ನಾ, ಆಮ್ಯಾಲ ನಾವೇ ಮಾತಾಡಿದಿವಿ," ಎಂದಳು ಮಂಜುಳಾ.

ಇನ್ನು ತಡೆಯಲಾಗಲಿಲ್ಲ. ಮಾಸ್ತರರು ಬಾಗಿಲು ದೂಡಿ ಒಳಗೆ ಬಂದರು. "ಸಾಹೇಬ್ರ, ನಾ ಅದೀನ್ರಿ."

ವಿಭೂತಿ, ಹಾರ, ಹಿಂದೆ ಎಳೆಯುತ್ತ ಬಂದ ಬಿಳಿ ಪಟ್ಟಿ. ಮಕ್ಕಳು ಬೆಂಚು ಹತ್ತಿದರು. ಮನ್ಮಥಪ್ಪನವರು ಮೇಜಿನ ಮೇಲಿನ ಗ್ಲೋಬನ್ನು ಅಪ್ಪಿಕೊಂಡು ಮೂರು ಸಲ ಶಿವನನ್ನು ಕರೆದರು. ಎರಡು ಲೋಟ ನೀರು ಕುಡಿಸಿ, ನಡೆದದ್ದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು.

"ನೀವು ಉಳದದ್ದು ಭಾಳ ಛಲೋ ಆತು," ಎಂದು ಸೆಕ್ರೆಟರಿ ಮನಸಾರೆ ಕೈ ಹಿಡಿದುಕೊಂಡರು. "ನನಗ ಎದಿ ಒಡದಂಗಾಗಿತ್ತು."

"ಹುಡುಗರಿಗಿ ಮನಿ ಮಾತು ಅನಸ್ತಲ್ರಿ ಸಾಹೇಬ್ರ," ಎಂದರು ಮಾಸ್ತರರು ಮೆಲ್ಲಗೆ. "ಹಂಗಾದ್ರ ನಂದು ಪರ್ಮನೆಂಟ್?"

ಮನ್ಮಥಪ್ಪನವರು ಬಟ್ಟೆ ಅಳೆಯುವವರಂತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮಾಸ್ತರ್, ನಾ ವ್ಯಾಪಾರಸ್ಥ. ಕಣ್ಣಿಗಿ ಕಂಡಿದ್ದು ನಂಬಾಂವ. ನೀವ್ ಇದ್ದಾಗ ಆರು ವರ್ಷ ಹುಡುಗ್ರು ಮಲಗಿದ್ರು. ನೀವ್ ಇಲ್ದಾಗ ಎರಡ್ ತಾಸಿನಾಗ ಜಗತ್ತೇ ಸುತ್ತಿ ಬಂದ್ರು. ಇದನ್ನ ಪ್ರತಿ ವರ್ಷ ಮಾಡೋಣು. ಆ ದಿನ ನೀವು ಬರಬ್ಯಾಡ್ರಿ, ಬಿನ್‌ಪಗಾರಿ ರಜಾ ಹಾಕ್ರಿ, ಆ ದಿನದ ಸಂಬಳ ಇರೂದಿಲ್ಲ. ಪರ್ಮನೆಂಟ್ ವಿಷ್ಯ ಮುಂದ ನೋಡೋಣು."

ಮಾಸ್ತರರು ಆಫೀಸಿಗೆ ಹೋಗಿ, ಇವತ್ತಿನ ಸಹಿಯಾದರೂ ಉಳಿಯಲಿ ಎಂದು ಹಾಜರಿಯ ಮಸ್ಟರ್ ತೆರೆದರು. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ದಿವಂಗತ' ಎಂದಿತ್ತು.

"ತಡಾ ಬಂದೋರಿಗಿ ಲೇಟ್ ಮಾರ್ಕ್ ಅದ. ಇದಕ್ಕ ಯಾವ್ ಮಾರ್ಕೂ ಇಲ್ರಿ," ಎಂದು ವಿಜಯಶ್ರೀ ಬಾಯಿ ನೊಂದುಕೊಂಡೇ ಹೇಳಿದರು. "ಇವತ್ತಿಂದೂ ಬಿನ್‌ಪಗಾರಿನೇ ಆಗ್ತದ. ಅರ್ಜಿ ಬರೀರಿ."

ಮಾಸ್ತರರು ಬರೆದರು. ರಜೆಯ ಕಾರಣ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ 'ಸ್ವಂತ ಅಂತ್ಯಕ್ರಿಯೆ' ಎಂದು ಬರೆದು ಸಹಿ ಹಾಕಿದರು.

ಬಾಯಿಯವರು ಕನ್ನಡಕ ಏರಿಸಿ ಓದಿದರು. "ಇದಕ್ಕ ಪುರಾವೆ ಹಚ್ಬೇಕಲ್ರಿ ಮಾಸ್ತರ್."

ಮಾಸ್ತರರು ಮೊಬೈಲು ತೆಗೆದು ಹೂವಿನ ಅಂಚಿನ ಫೋಟೋ ತೋರಿಸಿದರು. ಬಾಯಿಯವರು ಅದರ ಪ್ರಿಂಟ್ ತೆಗೆದು, ಶಾಲೆಯ ಶಿಕ್ಕಾ ಹೊಡೆದು, ಅರ್ಜಿಗೆ ಪಿನ್ನು ಚುಚ್ಚಿ, ರಜೆ ಮಂಜೂರು ಮಾಡಿದರು.